ಬೀರುವಿನ ಕನ್ನಡಿಯಲ್ಲಿ ದೆವ್ವ: ಮೊಬೈಲ್‌ನಲ್ಲಿ ಹಾರರ್ ಕಿರುಚಿತ್ರ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಹಾರರ್ ಕಿರುಚಿತ್ರ ಮಾಡುತ್ತೇವೆ ಅಂತ ಹೊರಟವರು ಮೊದಲು ಕೊಳ್ಳುವುದು ಬಿಳಿ ಸೀರೆ. ಆಮೇಲೆ ಉದ್ದ ಕೂದಲಿನ ವಿಗ್. ನಾನೂ ಕೊಂಡಿದ್ದೆ. ಆ ವಿಗ್ ಈಗಲೂ ನಮ್ಮನೆ ಅಟ್ಟದ ಮೇಲಿದೆ. ಇವತ್ತಿನವರೆಗೂ ಅದನ್ನು ನೋಡಿ ಒಂದು ಇಲಿಯೂ ಹೆದರಿಲ್ಲ.

ಇಲ್ಲಿ ಹೇಳಹೊರಟಿರುವುದು ಬೇರೆ ಥರದ ಹಾರರ್. ಇದರಲ್ಲಿ ದೆವ್ವ ಹಿಡಿದಿರುವುದು ಮನೆಯಲ್ಲಿರುವ ಒಂದು ವಸ್ತುವಿಗೆ. ಆ ವಸ್ತು ಎದ್ದು ಬಂದು ಯಾರ ಕತ್ತನ್ನೂ ಹಿಸುಕುವುದಿಲ್ಲ. ಇದ್ದಲ್ಲೇ ಇರುತ್ತದೆ. ಅದರ ಹತ್ತಿರ ಇದ್ದವರಿಗೆ ಮಾತ್ರ, ತಾವು ಈಗ ನೋಡಿದ್ದು ನಡೆದದ್ದೋ ಇಲ್ಲವೋ ಅನ್ನುವುದೇ ತಿಳಿಯದಂತಾಗುತ್ತದೆ. ಇದಕ್ಕೆ ಮೇಕಪ್ ಬೇಡ, ಗ್ರಾಫಿಕ್ಸ್ ಬೇಡ. ಒಂದು ಕೋಣೆ, ಇಬ್ಬರು ನಟರು, ಒಂದು ಮೊಬೈಲ್, ಒಂದು ಟ್ರೈಪಾಡ್ ಸಾಕು. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಈ ಬಗೆಯ ಸಿನಿಮಾಕ್ಕೆ ನನಗೆ ಪಾಠಪುಸ್ತಕದಂತಿರುವುದು ಅಮೆರಿಕದ ನಿರ್ದೇಶಕ ಮೈಕ್ ಫ್ಲಾನಗನ್ ಅವರ ‘ಆಕ್ಯುಲಸ್’. ದೆವ್ವ ಹಿಡಿದ ಒಂದು ಹಳೆ ಕನ್ನಡಿ, ಅದನ್ನು ಎದುರಿಸುವ ಅಕ್ಕ ತಮ್ಮ, ಇದು ಅದರ ಕಥೆ. 2013ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, 2014ರಲ್ಲಿ ಥಿಯೇಟರ್‌ಗೆ ಬಂತು. ಸುಮಾರು 50 ಲಕ್ಷ ಡಾಲರ್ ಖರ್ಚಿನ ಚಿತ್ರ 4 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ನಮಗೆ ಬೇಕಾಗಿರುವುದು ಆ ಲೆಕ್ಕವಲ್ಲ. ಅದಕ್ಕೂ ಹಲವು ವರ್ಷ ಮೊದಲೇ ಅವರು ಇದೇ ಕನ್ನಡಿಯ ಮೇಲೆ ಒಂದು ಕಿರುಚಿತ್ರ ಮಾಡಿದ್ದರು. ಒಂದು ಬರಿದಾದ ಕೋಣೆ, ಒಬ್ಬ ನಟ, ಗೋಡೆಗೆ ಒಂದು ಕನ್ನಡಿ, ಅದರ ಮೇಲೆ ನೆಟ್ಟ ಕ್ಯಾಮೆರಾಗಳು. ಅಷ್ಟರಲ್ಲೇ ಸುಮಾರು ಅರ್ಧ ಗಂಟೆ ನಡೆಯುತ್ತದೆ. ಎಂದರೆ, ನಮ್ಮ ಕೈಗೆಟುಕುವ ಅಳತೆಯಲ್ಲೇ ಅವರೂ ಶುರು ಮಾಡಿದ್ದು.

ಒಂದು ಎಚ್ಚರಿಕೆ: ಮುಂದೆ ಆ ಚಿತ್ರದ ಗುಟ್ಟುಗಳು ಬರುತ್ತವೆ. ನೋಡಿಲ್ಲದಿದ್ದರೆ ಮೊದಲು ನೋಡಿ ಬನ್ನಿ. ಹಿಂದಿಯಲ್ಲಾದರೆ ಅದರ ರಿಮೇಕ್, 2017ರ ‘ದೋಬಾರಾ’ ಇದೆ. ಅದರಲ್ಲಿ ಅಕ್ಕ ತಮ್ಮನಾಗಿ ನಟಿಸಿದ ಹುಮಾ ಖುರೇಷಿ ಮತ್ತು ಸಾಕಿಬ್ ಸಲೀಂ ನಿಜವಾಗಿಯೂ ಅಕ್ಕ ತಮ್ಮ.

ಹೆಜ್ಜೆ 1: ವಸ್ತುವನ್ನು ಆರಿಸಿ

ಅಂಗಡಿಗೆ ಹೋಗಬೇಡಿ. ಮನೆಯಲ್ಲೇ ಹುಡುಕಿ. ವಸ್ತುವಿಗೆ ಮೂರು ಗುಣ ಇರಬೇಕು.

ಮೊದಲನೆಯದು, ಅದು ದಿನಾ ಕಣ್ಣಿಗೆ ಬೀಳುವಂಥದ್ದಾಗಿರಬೇಕು. ಎರಡನೆಯದು, ಎತ್ತಿ ಎಸೆಯಲು ಆಗಬಾರದು. “ಅಷ್ಟು ಹೆದರಿಕೆ ಇದ್ದರೆ ಗುಜರಿಗೆ ಹಾಕಬಹುದಿತ್ತಲ್ಲ?” ಅಂತ ನೋಡುವವರು ಕೇಳಿಯೇ ಕೇಳುತ್ತಾರೆ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು. ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಪಟ ಮನೆಗೆ ಬರುವುದು ನೃತ್ಯ ಸ್ಪರ್ಧೆಯ ಬಹುಮಾನವಾಗಿ. ಬಹುಮಾನವನ್ನು ಯಾರು ಎಸೆಯುತ್ತಾರೆ? ಜಾಣ ಆಯ್ಕೆ. ಮೂರನೆಯದು, ಆ ವಸ್ತು ಏನನ್ನಾದರೂ ತೋರಿಸಬೇಕು, ಕೇಳಿಸಬೇಕು ಅಥವಾ ಒಳಗಿಟ್ಟುಕೊಳ್ಳಬೇಕು. ಹಳೆ ರೇಡಿಯೋ, ಅಜ್ಜಿಯ ಟ್ರಂಕು, ಖಾಲಿ ತೊಟ್ಟಿಲು, ಗೋಡೆಯ ಫೋಟೋ ಎಲ್ಲವೂ ನಡೆಯುತ್ತವೆ.

ನಾನು ಉದಾಹರಣೆಗೆ ತೆಗೆದುಕೊಳ್ಳುವುದು ಕನ್ನಡಿ ಬಾಗಿಲಿನ ಕಬ್ಬಿಣದ ಬೀರು. ನಮ್ಮಲ್ಲಿ ಎಷ್ಟೋ ಮನೆಗಳ ಮಲಗುವ ಕೋಣೆಯಲ್ಲಿ ಅದು ಇದೆ. ಬಂಗಾರ, ಸೀರೆ, ಪತ್ರಗಳು ಎಲ್ಲ ಅದರೊಳಗೇ ಇರುವುದರಿಂದ ಎಸೆಯುವ ಮಾತೇ ಇಲ್ಲ. ಜೊತೆಗೆ ಇನ್ನೊಂದು ವಿಚಾರ. ನಮಗೆ ಕನ್ನಡಿ ಮಂಗಳದ ವಸ್ತು. ಪೂಜೆಯಲ್ಲಿ ದೇವರಿಗೇ ಕನ್ನಡಿ ತೋರಿಸುತ್ತೇವೆ. ಹಾಗಾಗಿ ಕೆತ್ತನೆಯ ಚೌಕಟ್ಟಿನ, ಕೋಟೆಯಿಂದ ಬಂದಂತಿರುವ ವಿದೇಶಿ ಕನ್ನಡಿ ತಂದಿಟ್ಟರೆ ನಮ್ಮ ಪ್ರೇಕ್ಷಕರಿಗೆ ಅದು ಸಿನಿಮಾದ ಸಾಮಾನು ಅಂತ ತಕ್ಷಣ ಗೊತ್ತಾಗಿಬಿಡುತ್ತದೆ. ಅಮ್ಮನ ಬಿಂದಿಗಳು ಅಂಟಿಕೊಂಡಿರುವ ಬೀರು ಕನ್ನಡಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹೆಜ್ಜೆ 2: ದೆವ್ವಕ್ಕೆ ಕಾನೂನು ಬರೆಯಿರಿ

ಕಥೆ ಬರೆಯುವ ಮೊದಲು ಒಂದು ಹಾಳೆಯಲ್ಲಿ ಇದನ್ನು ಮುಗಿಸಿ. ವಸ್ತು ಏನು ಮಾಡಬಲ್ಲದು, ಏನು ಮಾಡಲಾರದು, ಎಷ್ಟು ದೂರದವರೆಗೆ ಅದರ ಆಟ ನಡೆಯುತ್ತದೆ, ಅದಕ್ಕೆ ಏನು ಬೇಕು. ಐದಾರು ಸಾಲು ಸಾಕು.

‘ಆಕ್ಯುಲಸ್’ನ ಕನ್ನಡಿ ಹತ್ತಿರದ ಗಿಡಗಳನ್ನು ಸಾಯಿಸುತ್ತದೆ. ಮನುಷ್ಯರ ಕಣ್ಣು ಕಟ್ಟುತ್ತದೆ. ತನ್ನನ್ನು ಒಡೆಯಲು ಬಂದವರ ಕೈಯನ್ನು ದಾರಿ ತಪ್ಪಿಸುತ್ತದೆ. ಇದೆಲ್ಲವನ್ನೂ ಅಕ್ಕ ಕೇಲಿ ಮೊದಲೇ ಪಟ್ಟಿ ಮಾಡಿಕೊಂಡು ಕೋಣೆಗೆ ಬಂದಿರುತ್ತಾಳೆ. ಕ್ಯಾಮೆರಾಗಳು, ಊಟ ನೀರಿನ ನೆನಪಿಗೆ ಅಲಾರಂಗಳು, ಗಿಡಗಳು. ಚಾವಣಿಗೆ ಟೈಮರ್ ಕಟ್ಟಿದ ಭಾರದ ಲಂಗರು ಬೇರೆ: ಸಮಯಕ್ಕೆ ಸರಿಯಾಗಿ ಟೈಮರ್ ತಿರುಗಿಸದಿದ್ದರೆ ಅದು ಬೀಸಿ ಬಂದು ಕನ್ನಡಿಯನ್ನು ಒಡೆಯುತ್ತದೆ. ಪ್ರೇಕ್ಷಕರಿಗೆ ಎಷ್ಟು ಧೈರ್ಯ ಬರುತ್ತದೆ ನೋಡಿ. ಇವಳು ತಯಾರಾಗಿ ಬಂದಿದ್ದಾಳೆ, ಗೆಲ್ಲುತ್ತಾಳೆ ಅನ್ನಿಸುತ್ತದೆ. ಕೊನೆಗೆ ಆ ಲಂಗರೇ ಅವಳನ್ನು ಬಲಿ ತೆಗೆದುಕೊಳ್ಳುತ್ತದೆ.

ನಮ್ಮ ಬೀರುವಿಗೆ ನಾನು ಬರೆದ ಕಾನೂನು ಇಷ್ಟು: ಇದು ಇದೇ ಕೋಣೆಯಲ್ಲಿ ಹಿಂದೆ ನಡೆದದ್ದನ್ನು ಮಾತ್ರ ತೋರಿಸಬಲ್ಲದು. ಹೊಸದನ್ನು ಹುಟ್ಟಿಸಲಾರದು. ಯಾವಾಗ ನಡೆದದ್ದು ಅಂತ ಹೇಳುವುದಿಲ್ಲ. ಕೋಣೆಯ ಬಾಗಿಲು ಮುಚ್ಚಿದ್ದಾಗಲೇ ಅದಕ್ಕೆ ಶಕ್ತಿ. ಈ ನಾಲ್ಕರಲ್ಲಿ ಎರಡನ್ನು ಪ್ರೇಕ್ಷಕರಿಗೆ ಹೇಳಿ. ಎರಡನ್ನು ನೀವೇ ಇಟ್ಟುಕೊಳ್ಳಿ. ಆದರೆ ನಾಲ್ಕನ್ನೂ ನೀವು ಮುರಿಯಬಾರದು. ಏನು ಬೇಕಾದರೂ ಆಗಬಹುದು ಅನ್ನುವ ಕಡೆ ಭಯಕ್ಕೆ ಜಾಗವೇ ಇರುವುದಿಲ್ಲ.

ಹೆಜ್ಜೆ 3: ಪ್ರತಿ ಘಟನೆಗೂ ಎರಡು ಲೆಕ್ಕ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ “ಬೀರು ಮಾಡಿದ್ದು”, ಬಲಕ್ಕೆ “ತಲೆ ಕೆಟ್ಟದ್ದು ಅಥವಾ ಮರೆವು”. ಸ್ಕ್ರಿಪ್ಟ್‌ನ ಒಂದೊಂದು ಘಟನೆಯನ್ನೂ ಎರಡೂ ಕಡೆ ಬರೆಯಲು ಸಾಧ್ಯವಾಗಬೇಕು. ಯಾವುದಾದರೂ ಘಟನೆಗೆ ಬಲಗಡೆ ಏನೂ ಬರೆಯಲಾಗದಿದ್ದರೆ ಅದನ್ನು ಹೊಡೆದುಹಾಕಿ. ಕಡೇಪಕ್ಷ ಕೊನೆಯ ನಿಮಿಷಕ್ಕೆ ತಳ್ಳಿ.

‘ಆಕ್ಯುಲಸ್’ನಲ್ಲಿ ಈ ಕೆಲಸವನ್ನು ಇಬ್ಬರ ಜಗಳ ಮಾಡುತ್ತದೆ. ತಮ್ಮ ಟಿಮ್ 11 ವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದು ಹೊರಬಂದವನು. ಅಕ್ಕ ದೆವ್ವ ಅಂದದ್ದಕ್ಕೆಲ್ಲ ಅವನ ಹತ್ತಿರ ಡಾಕ್ಟರು ಕಲಿಸಿದ ಉತ್ತರವಿದೆ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಹಾಗೆ ಅನ್ನಿಸುವವರೆಗೆ ಮಾತ್ರ ಸಿನಿಮಾಕ್ಕೆ ಉಸಿರು.

ಸಂಭಾಷಣೆ ಚಿಕ್ಕದಿರಲಿ. ಅಮ್ಮ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಲು ಬಂದ ಅಕ್ಕ ತಮ್ಮ ಅಂತ ಇಟ್ಟುಕೊಳ್ಳೋಣ.

“ಅಕ್ಕಾ, ಅಮ್ಮ ಹೋದ ದಿನ ಈ ಬೀರು ತೆಗೆದೇ ಇತ್ತಲ್ವಾ?”
“ಇಲ್ವೋ. ಬೀಗ ಹಾಕಿತ್ತು. ಕೀ ನನ್ನ ಸೊಂಟದಲ್ಲೇ ಇತ್ತು.”
“ಮತ್ತೆ ಅಮ್ಮಂಗೆ ಉಡಿಸೋಕೆ ಸೀರೆ ಯಾರು ತೆಗೆದುಕೊಟ್ಟಿದ್ದು?”
“ನೀನೇ ಕಣೋ.”

ಇಲ್ಲಿ ದೆವ್ವ ಅನ್ನುವ ಪದವೇ ಇಲ್ಲ. ಯಾರೋ ಒಬ್ಬರಿಗೆ ನೆನಪು ತಪ್ಪಿದೆ, ಅಷ್ಟೇ. ಯಾರಿಗೆ?

ಹೆಜ್ಜೆ 4: ಗೂಟಗಳನ್ನು ಹೊಡೆಯಿರಿ, ಆಮೇಲೆ ಒಂದೊಂದಾಗಿ ಕೀಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಓದುತ್ತೀರಿ ಅಂದರೆ ಇದನ್ನು ಓದಿ.

ಪ್ರೇಕ್ಷಕರು ಯಾವುದೋ ಕೆಲವನ್ನು ನಂಬಿಕೊಂಡು ಕೂತಿರುತ್ತಾರೆ. ಗಂಟೆ ಎಷ್ಟು, ಇದು ಯಾವ ಕೋಣೆ, ಕ್ಯಾಮೆರಾ ತೋರಿಸಿದ್ದು ನಿಜ. ಇವು ಮೂರು ಗೂಟಗಳು. ಅವರನ್ನು ದಾರಿ ತಪ್ಪಿಸಬೇಕಾದರೆ ಮೊದಲು ಗೂಟ ಗಟ್ಟಿಯಾಗಿ ಹೊಡೆದಿರಬೇಕು. ಹೊಸಬರು ಇಲ್ಲೇ ಎಡವುವುದು. ಮೊದಲ ಶಾಟ್‌ನಿಂದಲೇ ಎಲ್ಲ ಅಲ್ಲಾಡುತ್ತಿರುತ್ತದೆ, ಓರೆ ಕ್ಯಾಮೆರಾ, ಕೆಂಪು ಲೈಟು. ನಂಬಿಕೆಯೇ ಹುಟ್ಟದ ಕಡೆ ಮುರಿಯುವುದಕ್ಕೆ ಏನಿದೆ?

ಕೀಳುವ ಕ್ರಮವೂ ಮುಖ್ಯ. ಮೊದಲು ಸಮಯ, ಆಮೇಲೆ ಜಾಗ, ಕಟ್ಟಕಡೆಗೆ ಕ್ಯಾಮೆರಾ.

ಸಮಯಕ್ಕೆ ನಮ್ಮಲ್ಲಿ ಅಲಾರಂಗಿಂತ ಒಳ್ಳೆಯ ಗೂಟ ಕುಕ್ಕರ್ ವಿಷಲ್. ಅಕ್ಕ ಅಡುಗೆಮನೆಯಿಂದ ಬರುತ್ತಾ “ಮೂರು ಕೂಗಿದರೆ ಆಫ್ ಮಾಡೋ” ಅನ್ನಲಿ. ಪ್ರೇಕ್ಷಕರು ಬೇಡವೆಂದರೂ ಎಣಿಸಲು ಶುರು ಮಾಡುತ್ತಾರೆ. ಒಂದು. ತಮ್ಮ ಬೀರುವಿನಿಂದ ಬಟ್ಟೆ ತೆಗೆಯುತ್ತಾನೆ. ಎರಡು. ಕನ್ನಡಿ ನೋಡುತ್ತಾನೆ. ಮೂರು. ಅಡುಗೆಮನೆಗೆ ಹೋದರೆ ಒಲೆ ತಣ್ಣಗಿದೆ. ಕುಕ್ಕರ್ ತೊಳೆದು ಬೋರಲು ಹಾಕಿದೆ. ಖರ್ಚು: ಒಂದು ಲೋಟ ಅಕ್ಕಿ, ಅದನ್ನು ರಾತ್ರಿ ಎಲ್ಲರೂ ಊಟ ಮಾಡಬಹುದು.

ಜಾಗದ ಗೂಟಕ್ಕೆ, ಕೋಣೆಯ ನಕ್ಷೆ ಪ್ರೇಕ್ಷಕರ ತಲೆಯಲ್ಲಿ ಕೂರುವ ಹಾಗೆ ಶುರುವಿನಲ್ಲೇ ಒಂದು ಅಗಲ ಶಾಟ್ ಕೊಡಿ. ಬಾಗಿಲು ಇಲ್ಲಿ, ಕಿಟಕಿ ಅಲ್ಲಿ, ಬೀರು ಇಲ್ಲಿ. ಆ ಶಾಟ್ ಹತ್ತು ಸೆಕೆಂಡ್ ನಿಲ್ಲಲಿ.

ಕ್ಯಾಮೆರಾದ ಗೂಟ ಕೀಳುವುದಕ್ಕೆ ‘ಆಕ್ಯುಲಸ್’ನ ಸೇಬಿನ ದೃಶ್ಯ ನೋಡಿ. ಕೇಲಿ ಸೇಬು ಕಚ್ಚುತ್ತಾಳೆ. ನಾವೂ ಸೇಬನ್ನೇ ನೋಡುತ್ತೇವೆ. ಮರುಕ್ಷಣ ಅವಳು ಕಚ್ಚಿದ್ದು ಗಾಜಿನ ಬಲ್ಬು, ಬಾಯಿ ತುಂಬ ರಕ್ತ. ಆಮೇಲೆ ಬಾಯಲ್ಲಿ ಏನೂ ಆಗಿಲ್ಲ, ಸೇಬು ಸೇಬೇ. ಈ ದೃಶ್ಯದ ನಿಜವಾದ ಹೊಡೆತ ರಕ್ತದಲ್ಲಿಲ್ಲ. ಇನ್ನು ಮುಂದೆ ಪರದೆಯ ಮೇಲೆ ಕಾಣುವ ಯಾವ ಸೇಬನ್ನೂ ನಾವು ನಂಬುವುದಿಲ್ಲ. ಕ್ಯಾಮೆರಾವೂ ಕನ್ನಡಿಯ ಕಡೆಗೆ ಸೇರಿಕೊಂಡಾಯಿತು. ಇಂಥದ್ದು ಒಂದು ಚಿತ್ರಕ್ಕೆ ಒಂದೇ ಸಾಕು. ಎರಡನೇ ಸಲ ಮಾಡಿದರೆ ಜನ ಕೈಕಟ್ಟಿ ಕೂರುತ್ತಾರೆ. (ಗಾಜು ಕಚ್ಚುವುದನ್ನೆಲ್ಲ ಮನೆಯಲ್ಲಿ ಪ್ರಯತ್ನಿಸಬೇಡಿ, ದಯವಿಟ್ಟು.)

ಹೆಜ್ಜೆ 5: ಹಿಂದಿನದನ್ನೂ ಇಂದಿನದನ್ನೂ ಹೆಣೆಯಿರಿ

ಫ್ಲಾನಗನ್ ಚಿತ್ರದಲ್ಲಿ ಬಾಲ್ಯದ ಅಕ್ಕ ತಮ್ಮ, ದೊಡ್ಡವರಾದ ಅಕ್ಕ ತಮ್ಮ ಒಂದೇ ಮನೆಯಲ್ಲಿ ಎರಡು ಕಾಲದಲ್ಲಿ ಓಡಾಡುತ್ತಾರೆ. ಮೊದಮೊದಲು ಕಟ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ಬರಬರುತ್ತಾ ಒಂದೇ ಕಾರಿಡಾರ್‌ನಲ್ಲಿ ಎರಡೂ ಕಾಲದವರು ಎದುರಾಗುತ್ತಾರೆ. ಎಡಿಟಿಂಗ್ ಕೂಡ ಫ್ಲಾನಗನ್ ಅವರದೇ. ಹೀಗಾಗಿ ಬರೆಯುವಾಗಲೇ ಕಟ್ ಮಾಡಿಕೊಂಡಂತಿದೆ.

ಎರಡು ಲೋಕಗಳನ್ನು ಬೇರೆ ಮಾಡಿ ತೋರಿಸುವುದಕ್ಕೆ ನಮ್ಮ ‘ಲೂಸಿಯಾ’ ಕಪ್ಪು ಬಿಳುಪು ಮತ್ತು ಬಣ್ಣ ಬಳಸಿತ್ತು. ನಮಗೆ ಇಲ್ಲಿ ಬೇಕಿರುವುದು ಬೇರೆ ಗೊತ್ತಾಗದೆ ಇರುವುದು. ಹಾಗಾಗಿ ಒಂದು ಗುರುತು ಕೊಟ್ಟು ಅದನ್ನು ಕೆಡಿಸಿ. ಹಿಂದಿನ ದೃಶ್ಯಗಳಲ್ಲೆಲ್ಲ ಕಿಟಕಿಗೆ ಹಸಿರು ಪರದೆ, ಇಂದಿನದರಲ್ಲಿ ಪರದೆಯೇ ಇಲ್ಲ. ಎರಡು ಮೂರು ಸಲ ಹೀಗೆ ತೋರಿಸಿ. ಆಮೇಲೆ ಇಂದಿನ ದೃಶ್ಯದಲ್ಲಿ ತಮ್ಮ ಬೆವರು ಒರೆಸಿಕೊಳ್ಳಲು ಹಸಿರು ಪರದೆಗೆ ಕೈ ಹಾಕಲಿ.

ಮಕ್ಕಳನ್ನು ನಟಿಸಲು ತರುವುದು ಕಷ್ಟದ ಕೆಲಸ. ತಂದರೂ ಅವರನ್ನು ನಿಜವಾಗಿ ಹೆದರಿಸಿ ಶಾಟ್ ತೆಗೆಯಬೇಡಿ. ಒಂದು ಸ್ಕೂಲ್ ಬ್ಯಾಗು, ಮಗ್ಗಿ ಹೇಳುವ ಧ್ವನಿ ಇದ್ದರೆ ಮಗು ಇದ್ದಂತೆಯೇ.

ಹೆಜ್ಜೆ 6: ಕನ್ನಡಿಯನ್ನು ಚಿತ್ರೀಕರಿಸುವುದು

ಈಗ ಕೈಕೆಲಸ. ಕನ್ನಡಿ ಮುಂದೆ ಮೊಬೈಲ್ ಹಿಡಿದರೆ ಮೊದಲು ಕಾಣುವುದು ನಿಮ್ಮದೇ ಮುಖ. ನಮ್ಮ ಮೊದಲ ಚಿತ್ರದಲ್ಲಿ ಅತಿ ಭಯಾನಕ ದೃಶ್ಯದ ಮೂಲೆಯಲ್ಲಿ ನನ್ನ ಲುಂಗಿ ಕಂಡಿತ್ತು. ಎಡಿಟ್ ಮುಗಿಯುವವರೆಗೂ ಯಾರೂ ಗಮನಿಸಲಿಲ್ಲ.

ನೇರ ಎದುರು ನಿಲ್ಲಬೇಡಿ. ನೀವು ಓರೆಯಾಗಿ ನಿಂತುಕೊಳ್ಳಿ, ನಟ ಇನ್ನೊಂದು ಬದಿಗೆ ನಿಲ್ಲಲಿ. ಬೆಳಕು ಯಾವ ಕೋನದಲ್ಲಿ ಕನ್ನಡಿಗೆ ಬಡಿಯುತ್ತದೋ ಅದೇ ಕೋನದಲ್ಲಿ ವಾಪಸ್ ಬರುತ್ತದೆ. ಕನ್ನಡಿಯೊಳಗೆ ನಟನ ಕಣ್ಣು ನಿಮಗೆ ಕಂಡರೆ, ಅವರಿಗೂ ಕನ್ನಡಿಯಲ್ಲಿ ಲೆನ್ಸ್ ಕಾಣುತ್ತಿದೆ ಅಂತ ಅರ್ಥ. ಹಾಗಾಗಿ ನಟ ನೋಡಬೇಕಾದ್ದು ತನ್ನ ಮುಖವನ್ನಲ್ಲ, ಲೆನ್ಸ್‌ನ ಪ್ರತಿಬಿಂಬದ ಪಕ್ಕಕ್ಕೆ. ಅದು ನಟನಿಗೆ ವಿಚಿತ್ರ ಅನ್ನಿಸುತ್ತದೆ, ಪರದೆಯಲ್ಲಿ ಸರಿಯಾಗಿ ಕಾಣುತ್ತದೆ. ಎದುರಿನಿಂದಲೇ ಬೇಕು ಅಂದರೆ ಕಪ್ಪು ಬೆಡ್‌ಶೀಟ್‌ಗೆ ಲೆನ್ಸ್‌ನಷ್ಟು ತೂತು ಮಾಡಿ ಅದರ ಹಿಂದೆ ನಿಂತುಕೊಳ್ಳಿ. ಕತ್ತಲ ಕೋಣೆಯಲ್ಲಿ ಅದು ಕಾಣುವುದಿಲ್ಲ.

ಫೋಕಸ್ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕನ್ನಡಿಯಿಂದ ಮೊಬೈಲ್ 1 ಮೀಟರ್, ನಟ ಒಂದೂವರೆ ಮೀಟರ್ ದೂರ ಇದ್ದರೆ, ಪ್ರತಿಬಿಂಬಕ್ಕೆ ಫೋಕಸ್ ಇಡಬೇಕಾದ್ದು ಸುಮಾರು ಎರಡೂವರೆ ಮೀಟರ್‌ಗೆ. ಇದನ್ನೇ ತಂತ್ರ ಮಾಡಿಕೊಳ್ಳಿ. ಮೊದಲು ಗಾಜಿನ ಮೇಲಿನ ಬಿಂದಿಗೆ ಫೋಕಸ್, ಹಿಂದೆ ಮುಖ ಮಸುಕು. ನಿಧಾನಕ್ಕೆ ಮುಖಕ್ಕೆ ಫೋಕಸ್. ಆಗ ಆ ಮುಖದ ಹಿಂದೆ ಇನ್ನೊಂದು ಮಸುಕು ಇದ್ದರೆ ಅದನ್ನು ಸ್ಪಷ್ಟ ಮಾಡಬೇಡಿ, ಕಟ್ ಮಾಡಿ.

ಬೀರು ಬಾಗಿಲಿನ ಇನ್ನೊಂದು ಲಾಭ: ಅದು ತಿರುಗುತ್ತದೆ. ಕನ್ನಡಿ 10 ಡಿಗ್ರಿ ತಿರುಗಿದರೆ ಅದರೊಳಗಿನ ನೋಟ 20 ಡಿಗ್ರಿ ಸರಿಯುತ್ತದೆ. ಬಾಗಿಲು ತಾನಾಗಿ ಸ್ವಲ್ಪ ತೆರೆದುಕೊಂಡರೆ ಸಾಕು, ಇಡೀ ಕೋಣೆ ಕನ್ನಡಿಯೊಳಗೆ ಜಾರಿಹೋಗುತ್ತದೆ. ಕಬ್ಬಿಣದ ಬಾಗಿಲಿಗೆ ಕಪ್ಪು ದಾರ ಕಟ್ಟಿ ಎಳೆಯಿರಿ. ತೆರೆದಾಗ ಮೂಲೆಯಲ್ಲಿ ಯಾರೋ ಕೂತಿರಲಿ, ಮುಚ್ಚಿ ಮತ್ತೆ ತೆರೆದಾಗ ಬರೀ ಬಟ್ಟೆ ಗಂಟು.

ಪ್ರತಿಬಿಂಬ ನಟನನ್ನು ಬಿಟ್ಟು ಬೇರೆ ರೀತಿ ಅಲುಗಾಡಬೇಕೆ? ಟ್ರೈಪಾಡ್ ಅಲುಗಾಡಬಾರದು, ಫೋಕಸ್ ಮತ್ತು ಬೆಳಕಿನ ಮಟ್ಟವನ್ನು ಮೊಬೈಲ್‌ನಲ್ಲಿ ಲಾಕ್ ಮಾಡಿ. ಒಂದು ಟೇಕ್‌ನಲ್ಲಿ ನಟ ಸುಮ್ನೆ ನಿಂತಿರಲಿ, ಇನ್ನೊಂದರಲ್ಲಿ ತಲೆ ತಿರುಗಿಸಲಿ. ಎಡಿಟಿಂಗ್ ಆ್ಯಪ್‌ನಲ್ಲಿ ಕನ್ನಡಿಯ ಭಾಗವನ್ನು ಮಾತ್ರ ಎರಡನೇ ಟೇಕ್‌ನಿಂದ ತೆಗೆದು ಜೋಡಿಸಿ. ಬೀರು ಕನ್ನಡಿಯ ಅಂಚು ನೇರ ಗೆರೆ, ಮಾಸ್ಕ್ ಹಾಕುವುದು (ಎಂದರೆ ಬೇಕಾದ ಭಾಗವನ್ನಷ್ಟೇ ಗೆರೆ ಎಳೆದು ಕತ್ತರಿಸಿಕೊಳ್ಳುವುದು) ಸುಲಭ. ನಟನ ತಲೆಯೋ ಭುಜವೋ ಆ ಗೆರೆಯನ್ನು ದಾಟದ ಹಾಗೆ ನೋಡಿಕೊಂಡರೆ ಸಾಕು.

ನನಗೆ ಅತಿ ಇಷ್ಟವಾದದ್ದು ಕ್ಯಾಲೆಂಡರ್. ಕನ್ನಡಿಯಲ್ಲಿ ಗೋಡೆಯ ಕ್ಯಾಲೆಂಡರ್ ಉಲ್ಟಾ ಕಾಣಬೇಕು ತಾನೇ? ಅದರ ಫೋಟೋವನ್ನು ಮೊಬೈಲ್‌ನಲ್ಲಿ ಎಡಬಲ ತಿರುಗಿಸಿ ಪ್ರಿಂಟ್ ತೆಗೆಸಿ, ಅಸಲಿ ಕ್ಯಾಲೆಂಡರ್ ಜಾಗದಲ್ಲಿ ನೇತುಹಾಕಿ. ಕನ್ನಡಿಯ ಶಾಟ್‌ನಲ್ಲಿ ಮಾತ್ರ ಅದು ಬರಲಿ. ಅಕ್ಷರ ನೆಟ್ಟಗೆ ಓದಲು ಬರುತ್ತದೆ. ಹತ್ತರಲ್ಲಿ ಎಂಟು ಜನಕ್ಕೆ ಕಾರಣ ಹೊಳೆಯುವುದಿಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಹೆಜ್ಜೆ 7: ಮಂದ ಬೆಳಕು

ಕನ್ನಡಿಯ ಭಯಕ್ಕೆ ವಿಜ್ಞಾನದ ಬೆಂಬಲವೂ ಇದೆ. ಇಟಲಿಯ ಮನಶ್ಶಾಸ್ತ್ರಜ್ಞ ಜೊವಾನಿ ಕಪುಟೊ 2010ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 50 ಜನರನ್ನು ಒಬ್ಬೊಬ್ಬರಾಗಿ ಮಂದ ಬೆಳಕಿನ ಕೋಣೆಯಲ್ಲಿ ಕೂರಿಸಿ, 10 ನಿಮಿಷ ಕನ್ನಡಿಯಲ್ಲಿ ತಮ್ಮ ಮುಖವನ್ನೇ ದಿಟ್ಟಿಸಲು ಹೇಳಿದರು. 25 ವಾಟ್ ಬಲ್ಬು ಅವರ ಬೆನ್ನ ಹಿಂದೆ. 66% ಜನರಿಗೆ ತಮ್ಮ ಮುಖ ಭಾರೀ ವಿಕಾರವಾಗಿ ಕಂಡಿತು. 28% ಜನರಿಗೆ ಗುರುತಿಲ್ಲದ ಬೇರೆ ಮುಖ ಕಂಡಿತು. ಕೆಲವರಿಗೆ ಅಪ್ಪನೋ ಅಮ್ಮನೋ ಕಂಡರು.

ನಮ್ಮ ಲೈಟಿಂಗ್ ಪಾಠವೂ ಇದರಲ್ಲೇ ಇದೆ. ಬೆಳಕು ಹಿಂದಿನಿಂದ, ಕಡಿಮೆ, ಹಳದಿ. ಮುಖದ ಗೆರೆ ಕಾಣಬೇಕು, ವಿವರ ಕಾಣಬಾರದು. ಉಳಿದದ್ದನ್ನು ಪ್ರೇಕ್ಷಕರ ಮಿದುಳೇ ಬರೆದುಕೊಳ್ಳುತ್ತದೆ. ತಾಂತ್ರಿಕವಾಗಿ ಒಂದೇ ಮಾತು: ನಮ್ಮ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮ್‌ಗೂ ಬೆಳಕು ಒಳಬಿಡುವ ಹೊತ್ತು) 1/50 ಸೆಕೆಂಡ್ ಇಟ್ಟುಕೊಂಡರೆ ಟ್ಯೂಬ್‌ಲೈಟ್, ಎಲ್ಇಡಿ ಬಲ್ಬುಗಳ ಮಿಣುಕು ಸಾಮಾನ್ಯವಾಗಿ ಪಟ್ಟೆ ಪಟ್ಟೆಯಾಗಿ ಬರುವುದಿಲ್ಲ. ಮಿಣುಕು ಬೇಕಿದ್ದರೆ ನೀವೇ ಮಾಡಿ, ಅದು ಕಥೆಯ ಜಾಗದಲ್ಲಿ ಬರಲಿ.

ಹೆಜ್ಜೆ 8: ಸದ್ದು

ಚಿತ್ರೀಕರಣದ ದಿನ, ಎಲ್ಲರೂ ಬಾಯಿ ಮುಚ್ಚಿಕೊಂಡು ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಫ್ಯಾನು, ಫ್ರಿಜ್ಜು, ದೂರದ ನಾಯಿ. ಇದನ್ನು ಇಡೀ ಚಿತ್ರದ ಅಡಿಯಲ್ಲಿ ಹಾಸಿ. ಕನ್ನಡಿ ಆಟ ಶುರು ಮಾಡಿದಾಗ ಸಂಗೀತ ಏರಿಸಬೇಡಿ. ಈ ಹಾಸನ್ನು ಎಳೆದು ತೆಗೆಯಿರಿ. ಫ್ರಿಜ್ ಗುಂಯ್‌ಗುಡುವುದು ನಿಂತಾಗಲೇ ಅಲ್ವಾ ಅಷ್ಟು ಹೊತ್ತು ಅದು ಸದ್ದು ಮಾಡುತ್ತಿತ್ತು ಅಂತ ನಮಗೆ ಗೊತ್ತಾಗುವುದು?

ಆಳದ ಗುಡುಗಿನಂಥ ಸದ್ದುಗಳನ್ನು ನಂಬಬೇಡಿ. ನಿಮ್ಮ ಚಿತ್ರವನ್ನು ಜಾಸ್ತಿ ಜನ ನೋಡುವುದು ಮೊಬೈಲ್ ಸ್ಪೀಕರ್‌ನಲ್ಲಿ. ಅದರಲ್ಲಿ ಅಷ್ಟು ಕೆಳಗಿನ ಸದ್ದು ಕೇಳಿಸುವುದೇ ಇಲ್ಲ. ಬೀರು ಹಿಡಿಕೆಯ ಕಿರ್ರನೆ ಸದ್ದು, ಬೀಗದ ಕೈಗೊಂಚಲು, ಸೀರೆ ಜಾರುವ ಸರಸರ ಎಲ್ಲದರಲ್ಲೂ ಕೇಳುತ್ತದೆ.

ಹೆಜ್ಜೆ 9: ಕೊನೆ ಮತ್ತು ಪರೀಕ್ಷೆ

ಕೊನೆಯಲ್ಲಿ ಯಾವ ಲೆಕ್ಕ ಸರಿ ಅಂತ ನೀವೇ ಬಾಯಿಬಿಡಬೇಡಿ. ಹಾಗಂತ ನೇತಾಡಿಸಿ ಓಡಿಹೋಗಲೂಬೇಡಿ. ಪಾತ್ರಕ್ಕೆ ಏನಾಯಿತು ಅನ್ನುವುದು ಖಚಿತವಾಗಿರಲಿ, ಯಾಕಾಯಿತು ಅನ್ನುವುದು ಎರಡಾಗಿರಲಿ. ‘ಆಕ್ಯುಲಸ್’ನಲ್ಲಿ ಅಕ್ಕ ಸತ್ತಿದ್ದಾಳೆ, ತಮ್ಮನನ್ನು ಪೊಲೀಸರು ಹಿಡಿದಿದ್ದಾರೆ. ಇದರಲ್ಲಿ ಅನುಮಾನವಿಲ್ಲ. ಪೊಲೀಸರ ಕಣ್ಣಲ್ಲಿ ಇದು ಬರೀ ಕೊಲೆ.

ಎಂಟರಿಂದ ಹತ್ತು ನಿಮಿಷಕ್ಕೆ ಕಟ್ ಮಾಡಿ. ಯೂಟ್ಯೂಬ್‌ಗೆ ಹಾಕುವುದಾದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಡ, ಥಿಯೇಟರ್‌ನಲ್ಲಿ ಸಾರ್ವಜನಿಕವಾಗಿ ತೋರಿಸುವುದಾದರೆ ಬೇಕು.

ಹಾಕುವ ಮೊದಲು ಕಥೆ ಗೊತ್ತಿಲ್ಲದ ಮೂವರಿಗೆ ಬೇರೆ ಬೇರೆಯಾಗಿ ತೋರಿಸಿ. ಹೆದರಿಕೆ ಆಯಿತಾ ಅಂತ ಕೇಳಬೇಡಿ, ನಮ್ಮ ಜನ ಮುಖ ನೋಡಿ ಹೌದು ಅಂದುಬಿಡುತ್ತಾರೆ. ಬದಲಿಗೆ, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಕೇಳಿ. ನೀವು ಅಷ್ಟರಲ್ಲಿ ಸಂಭಾಷಣೆಯ ಅಡಿಯಲ್ಲಿ ಇನ್ನೊಂದು ವಿಷಲ್ಲನ್ನು ಸಣ್ಣಗೆ ಬಚ್ಚಿಟ್ಟಿರಬೇಕು. ಇಬ್ಬರು ಮೂರು ಅಂದು, ಒಬ್ಬರು ನಾಲ್ಕು ಅಂದು, ಮೂವರೂ ತಮ್ಮದೇ ಸರಿ ಅಂತ ಹಟ ಹಿಡಿದರೆ ಎಡಿಟ್ ಮುಗಿಯಿತು.